ಗ್ರಂಥಾಲಯದ ಕಪಾಟಿನಲ್ಲಿರುವ ಹಳೇ ಕ್ಯಾಸೆಟ್: ಹಾಕಿ ಕೇಳಬಹುದಾ?

ಬಿಸಿಲೂರಾಕಿ

ಕಲಬುರಗಿಯಲ್ಲಿ ಹಂತಿ ಪದಗಳ (ಕಣದಲ್ಲಿ ಎತ್ತುಗಳಿಂದ ತೆನೆ ತುಳಿಸುವಾಗ ಹಾಡುವ ಹಾಡು) ಮೇಲೆ ಪಿಎಚ್‌ಡಿ ಮಾಡ್ತಿದ್ದೇನೆ. ಈಗ ಕಣದಲ್ಲಿ ಎತ್ತು ಕಟ್ಟಿ ಹಂತಿ ಹೊಡೆಯುವವರು ಎಲ್ಲಿದ್ದಾರೆ, ರಾಶಿ ಮಷಿನ್ ಬಂದು ಎರಡು ತಾಸಿನಲ್ಲಿ ಮುಗಿಸಿ ಹೋಗುತ್ತೆ, ರಾತ್ರಿಯಿಡೀ ಹಾಡುವ ಪ್ರಸಂಗವೇ ಬರಲ್ಲ. ಅದಕ್ಕೇ ಹಳೇ ರೆಕಾರ್ಡಿಂಗ್ ಹುಡುಕುತ್ತಾ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆ. ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟು. ಅದರಲ್ಲಿ 42 ಕ್ಯಾಸೆಟ್, ಎರಡು ಸ್ಪೂಲ್ ಟೇಪ್ (ದೊಡ್ಡ ಚಕ್ರಕ್ಕೆ ಸುತ್ತಿದ ಬಿಡಿ ಟೇಪ್). ರಿಜಿಸ್ಟರಿನಲ್ಲಿ "ಜಾನಪದ ಗೀತೆ 1, ಜಾನಪದ ಗೀತೆ 2" ಅಂತ ಬರೆದಿದೆ ಅಷ್ಟೇ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ, ಏನೂ ಇಲ್ಲ.

ಕೇಳೋಕೆ ಅಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ನಮ್ಮ ಮಾವನ ಟೂ-ಇನ್-ಒನ್ ಹೊತ್ತುಕೊಂಡು ಹೋಗಿ 3ನೇ ನಂಬರ್ ಹಾಕಿದೆ. ಅರ್ಧ ನಿಮಿಷ ಓಡಿತು, ಕಿರ್ ಅಂತು, ರೀಲು ಒಳಗೆ ಸಿಕ್ಕಿಕೊಂಡಿತು. ಪೆನ್ಸಿಲ್ ಹಾಕಿ ತಿರುಗಿಸಿ ಹೇಗೋ ಬಿಡಿಸಿದೆ, ಕೈ ನಡುಗುತ್ತಿತ್ತು. ಉಳಿದದ್ದನ್ನು ಮುಟ್ಟೋಕೆ ಧೈರ್ಯ ಬರ್ತಿಲ್ಲ. ಏನು ಮಾಡಲಿ?

ಬೀದರ್ ಲೈಬ್ರರಿ ಅಕ್ಕ

ಮೊದಲು ಆ ಟೂ-ಇನ್-ಒನ್ ಮಾವನಿಗೆ ವಾಪಸ್ ಕೊಡು ತಂಗಿ.

ಹಳೇ ಟೇಪನ್ನು ಸುಮ್ನೆ ಕೇಳೋಕೆ ಅಂತ ಯಾವತ್ತೂ ಹಾಕಬಾರದು. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಇಳಿಯಬೇಕು, ಎರಡನೇ ಸಲ ಅದು ಓಡುತ್ತೋ ಇಲ್ವೋ ಯಾರಿಗೆ ಗೊತ್ತು. ಓಡಿಸುವ ಮುಂಚೆ ಒಂದೊಂದರದ್ದೂ ಫೋಟೋ ತೆಗೆ. ಎರಡೂ ಬದಿ, ಡಬ್ಬಿ, ಒಳಗಿನ ಚೀಟಿ, ಚೀಟಿಯ ಹಿಂಭಾಗ. ಎಷ್ಟೋ ಸಲ ಹಾಡಿದವರ ಹೆಸರು ಅಲ್ಲೇ ಪೆನ್ಸಿಲಿನಲ್ಲಿ ಮಾಸಿಹೋಗಿರುತ್ತೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತಲ್ಲ, ಅವು ಮುರಿದಿಲ್ಲ ಅಂದ್ರೆ ಲೈಬ್ರರಿಯವರ ಒಪ್ಪಿಗೆ ತಗೊಂಡು ಮುರಿದುಬಿಡು. ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಳೇ ಹಾಡು ಅಳಿಯಲ್ಲ.

ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಬೇರೆ ಚೀಲದಲ್ಲಿ ಇಡು, ಮಷಿನ್ನಿಗೆ ಹಾಕಬೇಡ, ಉಳಿದವಕ್ಕೂ ಹರಡುತ್ತೆ. ಇನ್ನು ಕಪಾಟು ಮೇಲಿನ ಮಹಡಿಯಲ್ಲಿದ್ದರೆ ಕೆಳಗೆ ತರಿಸು. ಮೇ ತಿಂಗಳಲ್ಲಿ ನಮ್ಮ ಕಡೆ 42, 43 ಡಿಗ್ರಿ, ತಾರಸಿ ಕೆಳಗಿನ ಕಬ್ಬಿಣದ ಕಪಾಟು ಅಂದ್ರೆ ರೊಟ್ಟಿ ಹಂಚೇ.

ಸ್ಪೂಲ್ ಟೇಪ್ ಮಾತ್ರ ನೀನು ಮುಟ್ಟಬೇಡ. 70-80ರ ದಶಕದ ಕೆಲವು ಸ್ಪೂಲ್‌ಗಳ ಅಂಟು ತೇವ ಹೀರಿ ಜಿಗುಟಾಗಿರುತ್ತೆ, ಓಡಿಸಿದರೆ ಶಬ್ದ ಇರುವ ಪದರವೇ ಕಿತ್ತು ಬರುತ್ತೆ. ಅದಕ್ಕೆ ಸುಮಾರು 50 ಡಿಗ್ರಿಯಲ್ಲಿ ತಾಸುಗಟ್ಟಲೆ ಬಿಸಿ ಕೊಡುವ ಉಪಾಯ ಇದೆ, ಆದರೆ ಮನೆಯ ಓವನ್ನಿನಲ್ಲಿ ಅಲ್ಲ! ಗುರುಗ್ರಾಮದಲ್ಲಿ ಎ.ಆರ್.ಸಿ.ಇ. (ಆರ್ಕೈವ್ಸ್ ಅಂಡ್ ರಿಸರ್ಚ್ ಸೆಂಟರ್ ಫಾರ್ ಎಥ್ನೋಮ್ಯೂಸಿಕಾಲಜಿ) ಅಂತ ಒಂದು ಸಂಗ್ರಹಾಲಯ ಇದೆ, 1982ರಲ್ಲಿ ಶುರುವಾಗಿದ್ದು. ಊರೂರು ಸುತ್ತಿ ಮಾಡಿದ ಇಂಥ ರೆಕಾರ್ಡಿಂಗ್ ಕಾಪಾಡೋದೇ ಅವರ ಕೆಲಸ, ಅವರಿಗೆ ಬರೆದು ಕೇಳು.

ಟೇಪ್ ರಿಪೇರಿ ಅಣ್ಣ

ಅಕ್ಕಾವರು ಹೇಳಿದ್ದು ಖರೇ. ಮಷಿನ್ ಕಡೆ ನಾನು ಹೇಳ್ತೀನಿ ನೋಡ್ರಿ ಮೇಡಂ.

ಕ್ಯಾಸೆಟ್ಟಿನ ಬಾಯಿ ಹತ್ತಿರ, ನಡುವೆ, ಒಂದು ಹಿತ್ತಾಳೆ ಪಟ್ಟಿಯ ಮೇಲೆ ಉಗುರಿನಷ್ಟು ಮೆತ್ತೆ ಅಂಟಿಸಿರ್ತಾರೆ. ಅದು ರೀಲನ್ನು ಹೆಡ್ಡಿಗೆ, ಅಂದ್ರೆ ಮಷಿನ್ನಿನಲ್ಲಿ ಶಬ್ದ ಓದುವ ಭಾಗಕ್ಕೆ, ಒತ್ತಿ ಹಿಡಿಯುತ್ತೆ. ಹಳೇ ಕ್ಯಾಸೆಟ್ಟಿನಲ್ಲಿ ಇದರ ಅಂಟು ಒಣಗಿ ಬಿದ್ದುಹೋಗಿರುತ್ತೆ, ಆಗ ಹಾಡು ದೂರದ ಬಾವಿಯಿಂದ ಬಂದಂಗೆ ಕೇಳುತ್ತೆ. ಜನ ಟೇಪೇ ಹಾಳು ಅಂತ ಬಿಸಾಡ್ತಾರೆ. ಸ್ಕ್ರೂ ಇರುವ ಬೇರೆ ಖಾಲಿ ಕ್ಯಾಸೆಟ್ಟಿಗೆ ರೀಲು ಬದಲಾಯಿಸಿದರೆ ಆಯ್ತು. ರೀಲು ತುಂಡಾಗಿದ್ದರೆ ಸಾದಾ ಸೆಲ್ಲೋ ಟೇಪ್ ಹಚ್ಚಬೇಡಿ, ಅಂಟು ಹರಿದು ಹೆಡ್ಡಿಗೆ ಮೆತ್ತುತ್ತೆ.

ಒಳ್ಳೇ ಡೆಕ್ (ಕ್ಯಾಸೆಟ್ ಓಡಿಸುವ ಮಷಿನ್) ಹುಡುಕಿ. ಹೆಡ್ಡು ಸ್ಪಿರಿಟ್ಟಿನಿಂದ ಒರೆಸಿ, ಪ್ರತಿ ಕ್ಯಾಸೆಟ್ ಆದಮೇಲೂ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತುಸುವೇ ತಿರುಗಿಸಿದರೆ ಮಬ್ಬು ಧ್ವನಿ ಒಮ್ಮೆಗೇ ತಿಳಿಯಾಗುತ್ತೆ, ಆದರೆ ಆ ಕೆಲಸಕ್ಕೆ ಮೊದಲು ನಿಮ್ಮದೇ ಯಾವುದಾದ್ರೂ ಸಿನಿಮಾ ಹಾಡಿನ ಕ್ಯಾಸೆಟ್ಟಿನಲ್ಲಿ ಕೈ ಪಳಗಿಸಿಕೊಳ್ಳಿ. ಡೆಕ್ಕಿನ ಹಿಂದಿನ ಲೈನ್ ಔಟ್ ತೂತಿನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸಿಗೆ (ಶಬ್ದವನ್ನು ಕಂಪ್ಯೂಟರಿಗೆ ಕಳಿಸುವ ಸಣ್ಣ ಡಬ್ಬಿ), ಅಲ್ಲಿಂದ ಲ್ಯಾಪ್‌ಟಾಪಿಗೆ. ಮೈಕ್ ತೂತಿಗೆ ನೇರ ಚುಚ್ಚಬೇಡಿ, ಗರ್ ಅನ್ನುತ್ತೆ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 96 ಕಿಲೋಹರ್ಟ್ಸ್ ಇಡಿ, ವೇವ್ ಫೈಲ್ ಆಗಿ ಉಳಿಸಿ. ತಾಸಿಗೆ ಸುಮಾರು 2 ಜಿಬಿ. 42 ಕ್ಯಾಸೆಟ್ಟೂ 60 ನಿಮಿಷದವು ಅಂದ್ರೂ 90 ಜಿಬಿ ದಾಟಲ್ಲ.

ಶಹಾಬಾದ್ ಕಲ್ಲು

ಇಷ್ಟೆಲ್ಲ ಯಾಕ್ರೀ. ಮೊಬೈಲ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿಬಿಡಿ, ಊರಿಗೆಲ್ಲ ಸಿಗುತ್ತೆ.

ಬೀದರ್ ಲೈಬ್ರರಿ ಅಕ್ಕ

ಮೊಬೈಲಿನಲ್ಲಿ ಫ್ಯಾನಿನ ಸದ್ದೂ ಸೇರುತ್ತೆ ಅಣ್ಣ, ಅದು ಬಿಡಿ. ಹಾಡಿದವರನ್ನು ಕೇಳಿದಿರಾ? ಹಾಡಿದವರಿಗೆ ಅವರ ಹಾಡಿಕೆಯ ಮೇಲೆ 50 ವರ್ಷ ಹಕ್ಕಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರೋದನ್ನು ಉಳಿಸಿಕೊಳ್ಳೋಕೆ ಡಿಜಿಟಲ್ ಪ್ರತಿ ಮಾಡಿ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳೋದು ಬೇರೆ, ಊರಿಗೆಲ್ಲ ಹಂಚೋದು ಬೇರೆ. ಹೊಲದಲ್ಲಿ ಹಾಡಿದ ಅಜ್ಜನ ಮೊಮ್ಮಕ್ಕಳಿಗೆ ಒಂದು ಪ್ರತಿ ಮೊದಲು ಹೋಗಲಿ ಅಂತ ನನ್ನ ಆಸೆ, ಅವರ ಮನೆಯಲ್ಲಿ ಫೋಟೋ ಕೂಡ ಇರಲ್ಲ ಎಷ್ಟೋ ಸಲ.

ಬಿಸಿಲೂರಾಕಿ

ಮೂರು ವಾರ ಆಯ್ತು, ಬರೆಯೋಕೆ ತಡ ಆಯ್ತು. ಒಪ್ಪಿಗೆ ಪತ್ರಕ್ಕೇ ಎರಡು ವಾರ ಹೋಯ್ತು! ಗೆಳತಿಯ ಅಪ್ಪನ ಡೆಕ್ ಸಿಕ್ಕಿತು, ಹನ್ನೊಂದು ಕ್ಯಾಸೆಟ್ ಇಳಿಸಿದ್ದೇನೆ. "ಜಾನಪದ ಗೀತೆ 7" ಹಂತಿ ಪದವೇ ಅಲ್ಲ, ಬೀಸುವ ಪದ. ಹಾಡಿನ ಕೆಳಗೆ ಕಲ್ಲಿನ ಸದ್ದು ಗರಗರ ಅಂತ ಉದ್ದಕ್ಕೂ ಇದೆ, ನಡುವೆ ಕಲ್ಲು ನಿಲ್ಲುತ್ತೆ, ಒಬ್ಬಾಕೆ "ಜ್ವಾಳ ಮುಗೀತು, ಇನ್ನ ಹಾಡ್ಲ್ಯಾ?" ಅಂತ ಕೇಳ್ತಾಳೆ. ರೆಕಾರ್ಡ್ ಮಾಡ್ತಿದ್ದವರು ನಗ್ತಾರೆ. ಅದಕ್ಕೂ ಮುಂಚೆ, ಟೇಪಿನ ಶುರುವಿನಲ್ಲೇ, ಅವರು ಊರಿನ ಹೆಸರು, ಹಾಡುವ ಇಬ್ಬರ ಹೆಸರು ಎಲ್ಲ ಹೇಳಿದ್ದಾರೆ. ರಿಜಿಸ್ಟರಿಗೆ ಬರೆದವರು ಹತ್ತು ಸೆಕೆಂಡು ಕೇಳಿದ್ದರೂ ಸಾಕಿತ್ತು.

ಊರು ಅಫಜಲಪುರದ ಕಡೆ ಇದೆ, ಭಾನುವಾರ ಹೋಗಬೇಕು. ರಿಪೇರಿ ಅಣ್ಣಾ, ಆ 3ನೇ ನಂಬರ್ ಇನ್ನೂ ಬಾವಿಯೊಳಗಿಂದಲೇ ಹಾಡ್ತಿದೆ, ಅದಕ್ಕೆ ಸ್ಕ್ರೂನೂ ಇಲ್ಲ. ಬಿಚ್ಚೋದು ಹೇಗೆ?

ಟೇಪ್ ರಿಪೇರಿ ಅಣ್ಣ

ಅಂಚಿನ ಬೆಸುಗೆಗೆ ತೆಳು ಬ್ಲೇಡು, ಮೂಲೆಯಿಂದ ಮೆಲ್ಲಗೆ. ಧೈರ್ಯ ಇಲ್ಲದಿದ್ರೆ ಲೈಬ್ರರಿಯವರನ್ನು ಕೇಳಿ ನನ್ನ ಹತ್ತಿರ ತನ್ನಿ, ಖಾಲಿ ಕ್ಯಾಸೆಟ್ ಎರಡು ಇಟ್ಟಿರ್ತೀನಿ. ಪೆನ್ಸಿಲ್ ಮನೆಯಲ್ಲೇ ಇರಲಿ.