ಹೌದು–ಅಲ್ಲ ಎಂಬ ಪ್ರಶ್ನೆಗಳ ಮತಪತ್ರ ನಮ್ಮ ಮಲೆನಾಡಿಗೆ ಒಗ್ಗೀತೇ?

ಪ್ರಶ್ನೆ: ಸಾಗರ ಮೂಲದ ಮತದಾರ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರನಾಗಿ ನಾನು 2024ರ ನವೆಂಬರ್ 5ರಂದು ಅಧ್ಯಕ್ಷರ ಆಯ್ಕೆಯ ಜೊತೆಗೆ ಐದು ಪ್ರಶ್ನೆಗಳಿಗೂ ‘ಹೌದು’ ಅಥವಾ ‘ಅಲ್ಲ’ ಎಂದು ಗುರುತು ಮಾಡಿದೆ. ಅಲ್ಲಿ ಜನರೇ ಸಹಿ ಸಂಗ್ರಹಿಸಿ ಕಾನೂನಿನ ಕರಡನ್ನು ಮತಪತ್ರದವರೆಗೆ ತರಬಹುದು. ಈ ಸಲ ಅಡಿಕೆ ಕೊಯ್ಲಿಗೆ ಊರಿಗೆ ಬಂದಾಗ, ಸುಲಿಯುತ್ತ ಕುಳಿತಿದ್ದ ದೊಡ್ಡಪ್ಪನಿಗೆ ಇದನ್ನು ವಿವರಿಸಿದೆ. ‘ನಮ್ಮನ್ನು ಯಾವ ಅಣೆಕಟ್ಟೆಗೂ ಹೀಗೆ ಕೇಳಲಿಲ್ಲವಲ್ಲ’ ಎಂದು ಅವರು ಹೇಳಿದ ಮಾತಿನಿಂದಲೇ ಈ ಪ್ರಶ್ನೆ ಹುಟ್ಟಿದೆ.

ಮೊದಲು ನನ್ನ ಮತಗಳ ಬಗ್ಗೆ ಹೇಳುತ್ತೇನೆ. ಶಾಸನಸಭೆಯ ಲೆಕ್ಕಪತ್ರಗಳನ್ನು ರಾಜ್ಯದ ಲೆಕ್ಕಪರಿಶೋಧಕರು ಪರಿಶೀಲಿಸಬಹುದೇ ಎಂಬ ಮೊದಲ ಪ್ರಶ್ನೆಗೆ ಹೌದು ಎಂದೆ. ಹೈಸ್ಕೂಲ್ ಪ್ರಮಾಣಪತ್ರಕ್ಕೆ ರಾಜ್ಯಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂಬ ನಿಯಮವನ್ನು ತೆಗೆಯುವ ಎರಡನೆಯದಕ್ಕೆ ಅಲ್ಲ ಎಂದೆ. ಆ್ಯಪ್ ಮೂಲಕ ಬಾಡಿಗೆ ಓಡಿಸುವ ಚಾಲಕರಿಗೆ ಸಂಘ ಕಟ್ಟುವ ಹಕ್ಕು ಕೊಡುವ ಮೂರನೆಯದಕ್ಕೆ ಹೌದು. ನಾಲ್ಕನೆಯದು ನನ್ನನ್ನು ಬಹಳ ದಿನ ಕಾಡಿತು. ಭ್ರಮೆ ಹುಟ್ಟಿಸುವ ಅಣಬೆ ಮೊದಲಾದವುಗಳನ್ನು ಪರವಾನಗಿ ಪಡೆದ ಕೇಂದ್ರಗಳಲ್ಲಿ, ತಿಳಿದವರ ಮೇಲ್ವಿಚಾರಣೆಯಲ್ಲಿ ಬಳಸಲು ನನ್ನ ಒಪ್ಪಿಗೆಯಿತ್ತು. ಆದರೆ ಅದೇ ಪ್ರಶ್ನೆಯೊಳಗೆ ಮನೆಯಲ್ಲಿ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಜಾಗದಲ್ಲಿ ಬೆಳೆಸುವ ಅನುಮತಿಯೂ ಸೇರಿತ್ತು. ಎರಡಕ್ಕೂ ಒಂದೇ ಗುರುತು ಹಾಕಬೇಕಾದ್ದರಿಂದ ಅಲ್ಲ ಎಂದೆ. ಹೋಟೆಲಿನಲ್ಲಿ ಬಡಿಸಿ ಗಿರಾಕಿಗಳಿಂದ ಟಿಪ್ಸ್ ಪಡೆಯುವವರಿಗೆ ಗಂಟೆಗೆ 6.75 ಡಾಲರ್ ಮೂಲ ಕೂಲಿಯ ಬದಲು ಹಂತ ಹಂತವಾಗಿ ಇತರರಂತೆ 15 ಡಾಲರ್ ಕೊಡಬೇಕೆಂಬ ಐದನೆಯದಕ್ಕೆ ಹೌದು ಎಂದೆ, ಏಕೆಂದರೆ ದುಡಿದವನ ಕೂಲಿ ಮಾಲೀಕನ ಹೊಣೆಯೇ ಹೊರತು ಗಿರಾಕಿಯ ದಯೆಯಲ್ಲ ಎಂದು ನಂಬಿದವನು ನಾನು. ಮೊದಲ ಮೂರು ಗೆದ್ದವು, ಕೊನೆಯ ಎರಡು ಸೋತವು.

ಮತದಾನಕ್ಕೆ ಮುಂಚೆ ಸರ್ಕಾರವೇ ಒಂದು ಕೆಂಪು ಪುಸ್ತಿಕೆಯನ್ನು ಮನೆಮನೆಗೆ ಅಂಚೆಯಲ್ಲಿ ಕಳುಹಿಸುತ್ತದೆ. ಅದರಲ್ಲಿ ಪ್ರತಿ ಪ್ರಶ್ನೆಯ ಪರ ಮತ್ತು ವಿರೋಧದ ವಾದಗಳು ಪಕ್ಕಪಕ್ಕದಲ್ಲಿರುತ್ತವೆ. ಮಲೆನಾಡಿನ ವಿಷಯಗಳನ್ನೂ ಹೀಗೆ ಜನರ ಮುಂದಿಡಬಹುದೇ?

ಉತ್ತರ: ತೀರ್ಥಹಳ್ಳಿಯ ಅಡಿಕೆ ಬೆಳೆಗಾರ

ನಿಮ್ಮ ದೊಡ್ಡಪ್ಪನವರ ನೋವು ನನಗೆ ಅರ್ಥವಾಗುತ್ತದೆ. ಆದರೂ ರಾಜ್ಯಮಟ್ಟದ ಮತಕ್ಕೆ ನನ್ನ ವಿರೋಧವಿದೆ. 224 ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮ ಜಿಲ್ಲೆಯವು ಏಳು ಮಾತ್ರ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಚನೆಯ ವಿರುದ್ಧ 2019ರಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಅದೇ ವಿಷಯವನ್ನು ರಾಜ್ಯದ ಎಲ್ಲ ಮತದಾರರ ಮುಂದಿಟ್ಟಿದ್ದರೆ, ಕುಡಿಯುವ ನೀರು ಬೇಕೆನ್ನುವ ಮಹಾನಗರದ ‘ಹೌದು’ಗಳ ಮುಂದೆ ನಮ್ಮ ‘ಅಲ್ಲ’ ಎಲ್ಲಿ ನಿಲ್ಲುತ್ತಿತ್ತು? ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮುಳುಗಿದ ಊರುಗಳವರು ಅರವತ್ತು ವರ್ಷ ಕಳೆದರೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅಂದು ಮತ ಕೇಳಿದ್ದರೂ ವಿದ್ಯುತ್ ಬೇಕಾದವರ ಸಂಖ್ಯೆಯೇ ಹೆಚ್ಚಿರುತ್ತಿತ್ತು. ಆಗ ನಮ್ಮನ್ನು ಮುಳುಗಿಸಿದ್ದಕ್ಕೆ ಜನಾದೇಶದ ಮುದ್ರೆಯೂ ಬೀಳುತ್ತಿತ್ತು.

ಪುಸ್ತಿಕೆಯ ಮಾತನ್ನು ಮಾತ್ರ ಮನಸಾರೆ ಒಪ್ಪುತ್ತೇನೆ. ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ ಬಂದ ಮೇಲೆ ನಮ್ಮೂರಿನಲ್ಲಿ ಹರಡಿದ್ದೆಲ್ಲ ಭಯವೇ. ತೋಟಕ್ಕೆ ಔಷಧ ಹೊಡೆಯುವಂತಿಲ್ಲ, ಮನೆ ರಿಪೇರಿ ಮಾಡುವಂತಿಲ್ಲ ಎಂದು ಹೇಳಿದವರಲ್ಲಿ ವರದಿಯನ್ನು ಓದಿದ ಒಬ್ಬರನ್ನೂ ನಾನು ಕಾಣಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿದಾಗ ನಾವು ಸಂತೋಷಪಟ್ಟೆವು, ಆದರೆ ಯಾವುದನ್ನು ತಿರಸ್ಕರಿಸಿದರೆಂದು ಕೇಳಿದರೆ ಹೇಳಲು ಬಾರದು.

ಉತ್ತರ: ಶಿವಮೊಗ್ಗದ ನಿವೃತ್ತ ಶಿಕ್ಷಕಿ

ಎರಡನೆಯ ಪ್ರಶ್ನೆಗೆ ನಾನಾಗಿದ್ದರೆ ಹೌದು ಎನ್ನುತ್ತಿದ್ದೆ, ತಮ್ಮಾ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವಿಷಯದಲ್ಲಿ ಸೋತು ಮನೆ ಸೇರಿದ ಹುಡುಗಿಯರನ್ನು ನಾನು ಹೊಸನಗರದ ಕಡೆಯ ಶಾಲೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿರುವುದು ಅಂಥವರಿಗೆ ದೊಡ್ಡ ಆಸರೆ. ಆದರೆ ಆ ಬದಲಾವಣೆಗೆ ಮತದಾನ ಬೇಕಾಗಲಿಲ್ಲ ಎಂಬುದನ್ನೂ ಗಮನಿಸಿ. ಪಾಠ ಮಾಡುವವರು ಕೂತು ಚರ್ಚಿಸಿ ತಿದ್ದಬೇಕಾದ ಸಂಗತಿಯನ್ನು ಹೌದು–ಅಲ್ಲ ಎಂಬ ಎರಡು ಖಾನೆಗೆ ಇಳಿಸುವುದು ನನಗೆ ಹಿಡಿಸದು.

ಉತ್ತರ: ಸಾಗರದ ವಕೀಲ

ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಸಾಮಾನ್ಯ ವ್ಯವಸ್ಥೆಯಿಲ್ಲ. 1967ರ ಜನವರಿ 16ರಂದು ಗೋವಾದ ಜನ ಮಹಾರಾಷ್ಟ್ರಕ್ಕೆ ಸೇರಬೇಕೇ ಬೇಡವೇ ಎಂದು ಮತ ಹಾಕಿದ್ದು ಸಂಸತ್ತು ಅದಕ್ಕೆಂದೇ ಮಾಡಿದ ಕಾಯ್ದೆಯ ಅಡಿಯಲ್ಲಿ. ಬೆಳೆಗಾರರ ಆತಂಕಕ್ಕೆ ಉತ್ತರ ಒಡಿಶಾದಲ್ಲಿದೆ. ನಿಯಮಗಿರಿಯ ಬಾಕ್ಸೈಟ್ ಗಣಿಯ ವಿಷಯವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಗ್ರಾಮಸಭೆಗಳ ಮುಂದಿಡಲು ಹೇಳಿತು. ಹನ್ನೆರಡು ಗ್ರಾಮಸಭೆಗಳೂ ಬೇಡವೆಂದವು, ಗಣಿ ಯೋಜನೆ ನಿಂತಿತು. ಅಲ್ಲಿ ಮತ ಕೇಳಿದ್ದು ಬೆಟ್ಟದಲ್ಲಿ ಬದುಕುವವರನ್ನೇ. ಪಶ್ಚಿಮ ಘಟ್ಟದ ಬಗ್ಗೆ ತಮ್ಮ ಸಮಿತಿ ಕೊಟ್ಟ ವರದಿಯನ್ನು ಸ್ಥಳೀಯ ಭಾಷೆಗಳಲ್ಲಿ ಗ್ರಾಮಸಭೆಗಳಿಗೆ ಒಯ್ಯಬೇಕೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೂ ಒತ್ತಾಯಿಸಿದ್ದರು.

ಪ್ರಶ್ನೆ ಕೇಳಿದವರಿಂದ

ಬೆಳೆಗಾರರ ಮಾತಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಯಾರನ್ನು ಕೇಳಬೇಕು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಗೆದ್ದ ಪ್ರಶ್ನೆಯೂ ತಾನಾಗಿ ಜಾರಿಗೆ ಬರುವುದಿಲ್ಲ ಎಂಬುದನ್ನು ಸೇರಿಸಬೇಕು. ಲೆಕ್ಕಪರಿಶೋಧನೆಯ ಪ್ರಶ್ನೆಗೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೌದು ಎಂದರೂ, ಮರುವರ್ಷವೂ ಶಾಸನಸಭೆ ಲೆಕ್ಕ ತೋರಿಸಲು ಒಪ್ಪಲಿಲ್ಲ. ನಮ್ಮ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲೂ ಇಂಥ ಅನೇಕ ‘ಹೌದು’ಗಳು ಉಳಿದಿರಬಹುದು ಎನ್ನಿಸಿ, ಹಿಂದಿರುಗುವ ಮುನ್ನ ದೊಡ್ಡಪ್ಪನೊಡನೆ ಪಂಚಾಯಿತಿ ಕಚೇರಿಗೆ ಹೋಗಿ ಕಳೆದ ಐದು ವರ್ಷಗಳ ನಿರ್ಣಯಗಳ ನಕಲು ಕೇಳಲಿದ್ದೇನೆ. ವಕೀಲರೇ, ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯೇ ಬೇಕೇ, ಅಥವಾ ಗ್ರಾಮಸ್ಥರು ನೇರವಾಗಿ ಕೇಳಿದರೆ ಸಾಕೇ, ದಯವಿಟ್ಟು ತಿಳಿಸಿ.