ಅಡುಗೆಮನೆ ಕಸ, ಹಳೇ ಪೇಪರ್, ಬೂದಿ: ಗೊಬ್ಬರದ ರಾಶಿಗೆ ಏನೆಲ್ಲ ಹಾಕಬಹುದು?

ಪೆರ್ಲದ ಹಿತ್ತಿಲು:
ನಮಸ್ಕಾರ. ಹಿತ್ತಿಲಲ್ಲಿ ಬಸಳೆ, ಬೆಂಡೆ, ತೊಂಡೆ ಇದೆ, ನಾಲ್ಕು ತೆಂಗು ಇದೆ. ದನ ಮಾರಿದ ಮೇಲೆ ಹಟ್ಟಿಗೊಬ್ಬರ ಇಲ್ಲ, ಹಾಗಾಗಿ ಮನೆಯ ಕಸದಲ್ಲೇ ಗೊಬ್ಬರ ಮಾಡೋಣ ಅಂತಿದ್ದೇನೆ. ತರಕಾರಿ ಸಿಪ್ಪೆ ಹಾಕಬಹುದು ಅಂತ ಗೊತ್ತು. ಪೇಪರ್, ರಟ್ಟು, ಮೊಟ್ಟೆ ಸಿಪ್ಪೆ, ಚಹಾ ಚರಟ, ಹಳೇ ಬೈರಾಸು, ಮೀನಿನ ಕಸ? ಬಚ್ಚಲೊಲೆ ಬೂದಿ ಎಷ್ಟಾದರೂ ಹಾಕು ಅಂತಾರೆ ಅತ್ತೆ, ಪಕ್ಕದ ಮನೆಯವರು ಬೇಡವೇ ಬೇಡ ಅಂತಾರೆ. ಮಳೆಗಾಲದಲ್ಲಿ ನಾರಬಾರದು, ಅಷ್ಟೇ.

ನೀರ್ಚಾಲು ಕೃಷಿಕ:
ಅಕ್ಕಾ, ಏನು ಹಾಕ್ತೀರಿ ಅನ್ನೋದಕ್ಕಿಂತ ಹಸಿಯ ಜೊತೆ ಒಣಗಿದ್ದು ಎಷ್ಟು ಬೀಳುತ್ತದೆ ಅನ್ನೋದು ಮುಖ್ಯ. ಬರೀ ಸಿಪ್ಪೆ, ಅನ್ನ ಹಾಕಿದರೆ ಗಾಳಿಯಾಡದೆ ನಾರುತ್ತದೆ. ಹಸಿ ಒಂದು ಬುಟ್ಟಿಗೆ ತರಗೆಲೆಯೋ ಹರಿದ ಪೇಪರೋ ಎರಡು ಬುಟ್ಟಿ ಹಾಕಿ. ಪೇಪರನ್ನು ಹಾಗೇ ಮಡಚಿ ಹಾಕಿದರೆ ಅಂಟಿಕೊಂಡು ಹಾಳೆಯಾಗಿಯೇ ಉಳಿಯುತ್ತದೆ, ಹರಿದು ನೆನೆಸಿ ಹಾಕಿ. ರಟ್ಟಾದರೆ ಟೇಪ್ ಕಿತ್ತು ರಾಶಿಗೆ ಹಾಕಬಹುದು. ಮಿರಮಿರ ಮಿನುಗುವ ಕಾಗದ, ಅಂಗಡಿ ಬಿಲ್ಲು ಬೇಡ. ಬೈರಾಸು ಪೂರ್ತಿ ಹತ್ತಿಯದಾದರೆ ತುಂಡು ಮಾಡಿ ಹಾಕಿ, ಪಾಲಿಯೆಸ್ಟರ್ ಬೆರೆತದ್ದು ಕರಗುವುದಿಲ್ಲ. ಮೊಟ್ಟೆ ಸಿಪ್ಪೆ ಪುಡಿ ಮಾಡಿ, ಇಲ್ಲದಿದ್ದರೆ ಮುಂದಿನ ವರ್ಷವೂ ಸಿಗುತ್ತದೆ. ಚಹಾ ಚರಟ ಧಾರಾಳ ಹಾಕಿ. ಹಾಲಿನ ಪ್ಯಾಕೆಟ್ ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಟ್ಟುಬಿಡಿ.

ಬೂದಿಯ ವಿಷಯದಲ್ಲಿ ಇಬ್ಬರೂ ಅರ್ಧ ಸರಿ. ನಮ್ಮ ಮುರಕಲ್ಲು ಮಣ್ಣು ಹುಳಿ, ಅದಕ್ಕೆ ಬೂದಿ ಒಳ್ಳೆಯದೇ. ಆದರೆ ರಾಶಿಗೆ ಜಾಸ್ತಿ ಸುರಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಆಗಾಗ ಒಂದು ಹಿಡಿ ಚಿಮುಕಿಸಿ, ಉಳಿದದ್ದನ್ನು ತೆಂಗಿನ ಬುಡಕ್ಕೆ ಹಾಕಿ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಉರಿಸುತ್ತೀರಾದರೆ ಆ ಬೂದಿ ಎಲ್ಲಿಗೂ ಬೇಡ.

ಕುಂಬಳೆ ಕಡೆಯವಳು:
ಮೀನಿನ ಕಸ ಮಾತ್ರ ರಾಶಿಗೆ ಹಾಕಬೇಡಿ. ರಾತ್ರಿ ನಾಯಿ ಬರುತ್ತದೆ, ಗುಡ್ಡದ ಬದಿಯಾದರೆ ಕಾಡುಹಂದಿ ಬಂದು ರಾಶಿಯ ಜೊತೆ ಬಸಳೆ ಚಪ್ಪರವನ್ನೂ ಕೆದಕಿ ಹೋಗುತ್ತದೆ. ಬೇರೆ ಕಡೆ ಆಳವಾಗಿ ಅಗೆದು ಹೂತು ಮಣ್ಣು ಮುಚ್ಚಿ. ಎಣ್ಣೆ ತುಂಬಿದ ಸಾರೂ ಬೇಡ. ಹಾಂ, ಗುಂಡಿ ತೋಡಬೇಡಿ, ಜೂನ್ ಬಂದರೆ ಅದು ಬಾವಿಯೇ. ನೆಲದ ಮೇಲೆ ತೆಂಗಿನ ಮಡಲು ಹಾಸಿ ರಾಶಿ ಮಾಡಿ, ಮೇಲೆ ಸೋಗೆಯನ್ನೋ ಟಾರ್ಪಾಲನ್ನೋ ಹೊದಿಸಿ.

ತೋಟದವ:
ತೆಂಗಿದೆ ಅಂದಿರಲ್ಲ, ಯಾರೂ ಕುರುವಾಯಿ ವಿಷಯ ಎತ್ತಲಿಲ್ಲ! ಸುಳಿ ಕೊರೆಯುವ ಆ ದುಂಬಿ ಮೊಟ್ಟೆ ಇಡುವುದು ಇಂಥ ಗೊಬ್ಬರದ ರಾಶಿಯಲ್ಲೇ. ತಿರುವಿ ಹಾಕುವಾಗ ದಪ್ಪ ಬಿಳಿ ಹುಳ ಸಿಕ್ಕಿದರೆ ಹೆಕ್ಕಿ ಕೋಳಿಗೆ ಹಾಕಿ. ಜಾಸ್ತಿ ಇದ್ದರೆ ಆ ಹುಳವನ್ನು ಕೊಲ್ಲುವ ಮೆಟಾರೈಜಿಯಂ ಅನ್ನುವ ಹಸಿರು ಶಿಲೀಂಧ್ರ ಇದೆ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುವುದೂ ಅದನ್ನೇ. ಹುಳ ಬೆಳೆಯುವ ಜಾಗಕ್ಕೇ ಅದನ್ನು ಬೆರೆಸಬೇಕು.

ಪೆರ್ಲದ ಹಿತ್ತಿಲು:
ಇಷ್ಟೆಲ್ಲ ಇದೆಯಾ! ಕುರುವಾಯಿ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಅಣ್ಣಾ. ಹಲಸಿನ ಸಿಪ್ಪೆ, ಗೂಂಜು, ತೆಂಗಿನ ಗೆರಟೆ, ನಿಂಬೆ ಸಿಪ್ಪೆ ಆಗುತ್ತಾ?

ನೀರ್ಚಾಲು ಕೃಷಿಕ:
ನಿಂಬೆ ಸ್ವಲ್ಪ ಆಗುತ್ತದೆ, ಎರೆಹುಳ ಬಿಟ್ಟಿದ್ದರೆ ಬೇಡ. ಗೆರಟೆ ಕರಗಲು ವರ್ಷಗಟ್ಟಲೆ ಬೇಕು, ಒಲೆಗೇ ಹಾಕಿ. ಹಲಸಿನದ್ದು ಕೊಚ್ಚಿ ಹಾಕಿ, ತುಂಬ ನೀರಿರುತ್ತದೆ, ಅದಕ್ಕೆ ತರಗೆಲೆ ಎರಡಲ್ಲ, ಮೂರು ಬುಟ್ಟಿ. ಬೇಳೆ (ಹಲಸಿನ ಬೀಜ) ಹೆಕ್ಕಿಬಿಡಿ, ಇಲ್ಲದಿದ್ದರೆ ರಾಶಿಯಲ್ಲೇ ಮೊಳಕೆ ಬರುತ್ತದೆ. ಅಡಿಕೆಯೂ ಇದ್ದರೆ ಕೊಳೆರೋಗಕ್ಕೆ ಉದುರಿದ ಕಾಯಿ ಇದಕ್ಕೆ ಸೇರಿಸಬೇಡಿ, ಹೆಕ್ಕಿ ಸುಡಿ.