ನಿನ್ನೆಯ ಗುಡುಗು ಮಳೆಗೆ ಕಂಪ್ಯೂಟರ್ ಕೆಟ್ಟವರು ಇಲ್ಲಿ ಕೇಳಿ

ರಿಪೇರಿ ಅಂಗಡಿ: ಬೆಳಿಗ್ಗೆಯಿಂದ ಫೋನ್ ನಿಂತಿಲ್ಲ, ಅದಕ್ಕೆ ಎಲ್ಲರೂ ಇಲ್ಲೇ ಕೇಳಿ. ಕರೆಂಟ್ ಎಷ್ಟು ಸಲ ಹೋಗಿ ಬಂತು, ಈಗ ಏನಾಗುತ್ತಿದೆ, ಎರಡನ್ನೂ ಬರೆಯಿರಿ.

ಸಾಗರ: ಸರ್, ಬಟನ್ ಒತ್ತಿದರೆ ಏನೂ ಇಲ್ಲ. ಒಳಗಿನ ಫ್ಯಾನ್ ಕೂಡ ತಿರುಗುವುದಿಲ್ಲ.

ರಿಪೇರಿ ಅಂಗಡಿ: ಹಿಂದಿನ ಪವರ್ ಕಾರ್ಡ್ ಕಿತ್ತು, ಮುಂದಿನ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಐದು ನಿಮಿಷ ಬಿಟ್ಟು ಕಾರ್ಡ್ ಹಾಕಿ ನೋಡಿ. ಕರೆಂಟ್ ಏರಿಳಿತಕ್ಕೆ ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗೆ ಕರೆಂಟ್ ಕೊಡುವ ಡಬ್ಬಿ) ಲಾಕ್ ಆಗಿದ್ದರೆ ಇಷ್ಟಕ್ಕೇ ಬಿಡುತ್ತದೆ. ಬರದಿದ್ದರೆ ಬೇರೆ ಕಾರ್ಡ್, ಬೇರೆ ಸಾಕೆಟ್ ನೋಡಿ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಕಾರ್ಡ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಕೊಪ್ಪ: ನಮ್ಮದು ಆನ್ ಆಗುತ್ತೆ, ಆದರೆ ತಾರೀಖು 2015 ಅಂತ ತೋರಿಸುತ್ತೆ. ಬ್ಯಾಂಕ್ ಸೈಟ್ ತೆರೆಯುತ್ತಿಲ್ಲ. ವೈರಸ್ಸಾ?

ರಿಪೇರಿ ಅಂಗಡಿ: ಅಲ್ಲ. ಬೋರ್ಡ್ ಮೇಲಿನ ಬಿಲ್ಲೆ ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ. ತಾರೀಖು ಸರಿಯಾದರೆ ಸೈಟೂ ತೆರೆಯುತ್ತೆ.

ಹೊಸನಗರ: ಅಣ್ಣಾ, ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಗುತ್ತಿದೆ. ಡಬ್ಬಿ ಮುಟ್ಟಿದರೆ ಕೈ ಜುಂ ಅನ್ನುತ್ತೆ. ಮಗ ಕಾಲೇಜಿನ ಅರ್ಜಿ ತುಂಬಬೇಕು. ನಿನ್ನೆಯಿಂದ ಅಡುಗೆಮನೆ ಬಲ್ಬ್ ಕಣ್ಣು ಕುಕ್ಕುವ ಹಾಗೆ ಉರಿಯುತ್ತಿದೆ. ಮಿಕ್ಸಿ ಹಾಕಿದರೆ ಅದು ಮಂಕಾಗಿ, ಜಗಲಿಯ ಫ್ಯಾನ್ ಜೋರಾಗಿ ತಿರುಗುತ್ತೆ. ಮನೆಗೆ ಮೂರು ಫೇಸ್ ಇದೆ.

ರಿಪೇರಿ ಅಂಗಡಿ: ಅಕ್ಕಾ, ಓದಿದ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ. ಕಂಪ್ಯೂಟರ್ ವಿಷಯ ಆಮೇಲೆ. ಒಂದು ಕಡೆ ಬಲ್ಬ್ ಮಂಕಾಗಿ ಇನ್ನೊಂದು ಕಡೆ ಫ್ಯಾನ್ ಜೋರಾಗುತ್ತೆ ಅಂದರೆ, ನಿಮ್ಮ ಲೈನಿನ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಎಲ್ಲೋ ಕಟ್ಟಾಗಿದೆ ಅಥವಾ ಸಡಿಲವಾಗಿದೆ. ನ್ಯೂಟ್ರಲ್ ಗಟ್ಟಿ ಇದ್ದರೆ ಪ್ರತಿ ಫೇಸಿಗೂ 230 ವೋಲ್ಟ್ ಬರುತ್ತೆ. ಅದು ತಪ್ಪಿದರೆ ಎರಡು ಫೇಸಿನ ನಡುವಿನ 400 ವೋಲ್ಟನ್ನು ಮನೆಯ ಸಾಮಾನುಗಳೇ ತಮ್ಮೊಳಗೆ ಹಂಚಿಕೊಳ್ಳುತ್ತವೆ. ಮಿಕ್ಸಿ ಓಡುವ ಕಡೆ ವೋಲ್ಟೇಜ್ ಇಳಿಯುತ್ತೆ, ಇನ್ನೊಂದು ಕಡೆ ಏರುತ್ತೆ. ಕಂಪ್ಯೂಟರ್ ಆಫ್ ಆಗುತ್ತಿರುವುದೂ ಇದಕ್ಕೇ ಇರಬೇಕು. ಫ್ರಿಡ್ಜ್, ಟಿವಿ ಯಾವುದೂ ಉಳಿಯುವುದಿಲ್ಲ. ಕೈ ಜುಂ ಅನ್ನುತ್ತೆ ಅಂದರೆ ನಿಮ್ಮ ಅರ್ಥಿಂಗೂ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ಸರಿಯಿಲ್ಲ. ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, "ನ್ಯೂಟ್ರಲ್ ಹೋಗಿದೆ" ಅಂತಲೇ ಹೇಳಿ. ಸುಮ್ನೆ "ಕರೆಂಟ್ ತೊಂದರೆ" ಅನ್ನಬೇಡಿ. ಆಫ್ ಮಾಡಿದ್ದೀರಾ?

ಶಿರಸಿ ಮಾಸ್ತರು: ಒಂದು ಫಾರ್ವರ್ಡ್ ಬಂದಿದೆ. ಡಬ್ಬಿ ಶಾಕ್ ಹೊಡೆದರೆ ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಅರ್ಥ್ ಪಿನ್ನಿಗೂ ನ್ಯೂಟ್ರಲ್‌ಗೂ ತುಂಡು ವೈರ್ ಜೋಡಿಸಬೇಕಂತೆ. ಶಾಕ್ ನಿಲ್ಲುತ್ತದಂತೆ.

ರಿಪೇರಿ ಅಂಗಡಿ: ಮಾಸ್ತರೇ, ಅದನ್ನು ಈಗಲೇ ಅಳಿಸಿ. ಮೇಲೆ ಬರೆದದ್ದು ಓದಿದಿರಾ? ನ್ಯೂಟ್ರಲ್ ಕಟ್ಟಾದ ಮನೆಯಲ್ಲಿ ಹಾಗೆ ಜೋಡಿಸಿದರೆ ಬಲ್ಬಿನ ಮೂಲಕ ಹಾದ ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲದೆ ಆ ತುಂಡು ವೈರಿನಿಂದ ಕಬ್ಬಿಣದ ಡಬ್ಬಿಗೇ ಬರುತ್ತೆ. ಆಗ ಜುಂ ಅನ್ನುವುದಿಲ್ಲ, ಮುಟ್ಟಿದವರು ಹೋಗುತ್ತಾರೆ.

ಶಿರಸಿ ಮಾಸ್ತರು: ತಿಳಿಯದೆ ಹಾಕಿದೆ. ಅಳಿಸಿದ್ದೇನೆ.

ತೀರ್ಥಹಳ್ಳಿ: ಸರ್, ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ.

ರಿಪೇರಿ ಅಂಗಡಿ: ಸಾಗರದವರಿಗೆ ಬರೆದಿದ್ದೇನೆ, ನೋಡಿ.

ಸೊರಬ: ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿದೆ. ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಸರಿಹೋಗುತ್ತೆ ಅಂತ ವಿಡಿಯೋ ನೋಡಿದೆ.

ರಿಪೇರಿ ಅಂಗಡಿ: ಇಡಬೇಡಿ. ಹೊರಗೆ ತೆಗೆದಾಗ ತೇವ ಕೂರುತ್ತೆ, ಇರುವ ಫೋಟೋಗಳೂ ಹೋಗುತ್ತವೆ. ಆಫ್ ಮಾಡಿ ತನ್ನಿ.

ಸಾಗರ: ಎಲ್ಲಾ ಲೈನ್‌ಮನ್‌ಗಳ ತಪ್ಪು. ಮಳೆಗೆ ಮುಂಚೆ ಕೊಂಬೆ ಕಡಿಯಬೇಕಿತ್ತು.

ಯಲ್ಲಾಪುರ: ನಮ್ಮಪ್ಪ ಲೈನ್‌ಮನ್. ನಿನ್ನೆ ರಾತ್ರಿ ಒಂದೂವರೆಗೆ ಮನೆಗೆ ಬಂದರು, ಮೈಯೆಲ್ಲ ನೆಂದಿತ್ತು. ಕೊಂಬೆ ಕಡಿಯಲು ಹೋದರೆ "ನಮ್ಮ ಮರ ಮುಟ್ಟಬೇಡಿ" ಅನ್ನುವವರು ಯಾರು?

ಸಾಗರ: ನಾನು ನಿಮ್ಮಪ್ಪನ ಬಗ್ಗೆ ಹೇಳಿಲ್ಲ.

ಯಲ್ಲಾಪುರ: ಎಲ್ಲಾ ಅಂದಿರಲ್ವಾ?

ಶಿರಸಿ ಮಾಸ್ತರು: ಜಗಳ ಬೇಡ. ನನ್ನ ಮನೆಯಲ್ಲಿ ಇನ್ವರ್ಟರ್ ಇದೆ, ಕಂಪ್ಯೂಟರಿಗೆ ಬೇರೆ ಯುಪಿಎಸ್ ಯಾಕೆ?

ತೀರ್ಥಹಳ್ಳಿ: ಬೇಕಾಗಿಲ್ಲ. ನಮ್ಮಲ್ಲಿ ಹತ್ತು ವರ್ಷದಿಂದ ಇನ್ವರ್ಟರಲ್ಲೇ ನಡೆದಿದೆ.

ರಿಪೇರಿ ಅಂಗಡಿ: ಆ ಕಂಪ್ಯೂಟರೇ ಈಗ ಆನ್ ಆಗುತ್ತಿಲ್ಲ ಅಲ್ವಾ? ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಎಷ್ಟೋ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತವೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಸಿಡಿಲು ಬಂದರೆ ಎರಡೂ ಕಾಯುವುದಿಲ್ಲ, ಪ್ಲಗ್ ಕೀಳಬೇಕು. ಇಂಟರ್ನೆಟ್ ಕೇಬಲ್ಲೂ ಕೀಳಬೇಕು.

ಸಿದ್ದಾಪುರ: ಪ್ರಿಂಟರ್ ಬಗ್ಗೆ ಮೂರು ಸಲ ಕೇಳಿದೆ. ಯಾರೂ ಹೇಳುತ್ತಿಲ್ಲ.

ಹೊಸೂರು: ಸರ್, ಬಟನ್ ಒತ್ತಿದರೆ ಏನೂ ಇಲ್ಲ.

ರಿಪೇರಿ ಅಂಗಡಿ: ಮೇಲೆ ಓದಿ. ಹೊಸನಗರದ ಅಕ್ಕ ಎಲ್ಲಿ? ಯಾರಿಗಾದರೂ ಅವರ ಮನೆ ಗೊತ್ತಿದ್ದರೆ ಹೋಗಿ ನೋಡಿ.

ಹೊಸನಗರ: ಮೇನ್ ಆಫ್ ಮಾಡಿದ್ದೆ ಅಣ್ಣಾ, ಫೋನಿನಲ್ಲೂ ಚಾರ್ಜ್ ಇರಲಿಲ್ಲ. ಲೈನ್‌ಮನ್ ಬಂದಿದ್ದರು. ಕಂಬದ ಮೇಲೆ ನ್ಯೂಟ್ರಲ್ ಜಾಯಿಂಟ್ ಸುಟ್ಟು ಕಪ್ಪಾಗಿತ್ತು. ಬಿಗಿ ಮಾಡಿದರು. ಈಗ ಬಲ್ಬ್ ಸರಿ ಇದೆ.

ರಿಪೇರಿ ಅಂಗಡಿ: ಒಳ್ಳೆಯದಾಯಿತು ಅಕ್ಕಾ. ಕಂಪ್ಯೂಟರ್ ಮಾತ್ರ ಈಗಲೇ ಹಾಕಬೇಡಿ. ಮೊದಲು ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ. ಎಸ್‌ಎಂಪಿಎಸ್ ನಾನು ಪರೀಕ್ಷೆ ಮಾಡಿ ಕೊಡುತ್ತೇನೆ. ಮಗನನ್ನು ನಾಳೆ ಒಂಬತ್ತಕ್ಕೆ ಕಳಿಸಿ, ಅರ್ಜಿ ಅಂಗಡಿಯಲ್ಲೇ ತುಂಬಲಿ.

ಕೊಪ್ಪ: ಸೆಲ್ ಸಿಕ್ಕಿತು ಸರ್. ಯಾವ ಕಡೆ ಮೇಲೆ?

ರಿಪೇರಿ ಅಂಗಡಿ: ಮಲಗಿಸಿ ಹಾಕುವ ಜಾಗ ಆದರೆ ಪ್ಲಸ್ ಗುರುತು ಮೇಲೆ. ಪವರ್ ಕಾರ್ಡ್ ಕಿತ್ತು ಹಾಕಿ.